ಬೋರ್ಡು ಆಮೇಲೆ, ಮೊದಲು ಕೆಂಡ ನೋಡಿ

ಕೆಂಡದಲ್ಲಿ ಸುಟ್ಟ ಬಾಡು ಹುಡುಕಿಕೊಂಡು ಹೈವೇಗೆ ಇಳಿದವರು ಮೊದಲು ಎಡವುವುದು ಬೋರ್ಡಿನ ಮುಂದೆ. ನಮ್ಮ ಕಡೆ ‘ಕಬಾಬ್’ ಅಂದರೆ ಬಾಣಲೆಯ ಎಣ್ಣೆಗೆ ಬಿಟ್ಟು ಕರಿದ ಕೋಳಿ. ‘ಗ್ರಿಲ್’ ಅಂದರೆ ಬಹಳ ಸಲ ಗಾಜಿನ ಪೆಟ್ಟಿಗೆಯೊಳಗೆ ಗ್ಯಾಸ್ ಉರಿಯ ಮುಂದೆ ಗಿರಗಿರ ತಿರುಗುವ ಇಡೀ ಕೋಳಿ. ‘ತಂದೂರಿ’ ಮಣ್ಣಿನ ಒಲೆಯದು, ಅದರ ಲೆಕ್ಕವೇ ಬೇರೆ. ಜಾಲರಿ ಇಟ್ಟು ಕೆಂಡದ ಮೇಲೆ ಸುಡುವುದು ಈಗ ‘ಬಾರ್ಬೆಕ್ಯೂ’ ಅಥವಾ ‘ಅಲ್ ಫಹಮ್’ ಹೆಸರಿನಲ್ಲಿ ಸಿಗುತ್ತದೆ. ಅರಬ್ಬಿಯಲ್ಲಿ ಫಹಮ್ ಅಂದರೆ ಇದ್ದಿಲು. ಆ ಹೆಸರಿಟ್ಟುಕೊಂಡೇ ಗ್ಯಾಸಿನಲ್ಲಿ ಬೇಯಿಸಿ ಕೊಡುವವರೂ ಇದ್ದಾರೆ. ಹಾಗಾಗಿ ಕೂರುವ ಮುಂಚೆ ಒಂದೇ ಪ್ರಶ್ನೆ: “ಅಣ್ಣ, ಇದ್ದಿಲಾ ಗ್ಯಾಸಾ?” ಉತ್ತರ ಬರುವಷ್ಟರಲ್ಲಿ ನಿಮ್ಮ ಕಣ್ಣು ಒಲೆಯ ಮೇಲಿರಲಿ.

ಬೆಂಗಳೂರಿನಿಂದ ಹೊರಡುವ ಮೂರು ದಾರಿಗಳು ಇದಕ್ಕೆ ಹೇಳಿ ಮಾಡಿಸಿದಂಥವು. ತುಮಕೂರು, ಶಿರಾ ಕಡೆಗೆ ಹೆದ್ದಾರಿ 48. ಚಿಕ್ಕಬಳ್ಳಾಪುರ, ಪೇರೇಸಂದ್ರ, ಬಾಗೇಪಲ್ಲಿ ಕಡೆಗೆ 44. ನರಸಾಪುರ, ಕೋಲಾರ, ಮುಳಬಾಗಿಲು ದಾಟಿ ನಂಗಲಿಯ ಗಡಿ ಮುಟ್ಟುವ 75. ಮೂರರಲ್ಲೂ ಒಲೆಗಳು ಸಿಗುವುದು ಹೆಚ್ಚಾಗಿ ಸರ್ವಿಸ್ ರಸ್ತೆಯಲ್ಲಿ. ಹೊಗೆ ಕಂಡಮೇಲೆ ಬ್ರೇಕ್ ಒತ್ತಿ ಪ್ರಯೋಜನವಿಲ್ಲ, ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಿ ಬರಬೇಕಾಗುತ್ತದೆ. ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಇಳಿದುಬಿಡುವುದು ವಾಸಿ. ತುಮಕೂರಿನಲ್ಲಂತೂ ಬೈಪಾಸ್ ಹಿಡಿದರೆ ಪೇಟೆಯ ಒಳಗಿನ ಒಲೆಗಳೆಲ್ಲ ತಪ್ಪಿಹೋಗುತ್ತವೆ.

ಲಾರಿ ನಿಂತ ಕಡೆ ಊಟ ಚೆನ್ನಾಗಿರುತ್ತದೆ ಅನ್ನುವ ಮಾತಿದೆಯಲ್ಲ, ಸುಟ್ಟ ಬಾಡಿನ ವಿಷಯದಲ್ಲಿ ಅದನ್ನು ನಂಬಬೇಡಿ. ಲಾರಿಯವರಿಗೆ ಬೇಕಾದದ್ದು ಗಾಡಿ ನಿಲ್ಲಿಸಲು ಜಾಗ, ನೀರು, ಬಿಸಿ ರೊಟ್ಟಿ, ಕೈಗೆಟುಕುವ ರೇಟು. ಅದಕ್ಕಿಂತ ನಂಬರ್ ಪ್ಲೇಟ್ ನೋಡುವುದು ಮೇಲು. ಕೋಲಾರದ ಒಲೆಯ ಮುಂದೆ ಕೆಎ 07, ಚಿಕ್ಕಬಳ್ಳಾಪುರದಲ್ಲಿ ಕೆಎ 40, ತುಮಕೂರಿನಲ್ಲಿ ಕೆಎ 06 ಬೈಕುಗಳು ನಿಂತಿದ್ದು, ಹೆಲ್ಮೆಟ್ ಕೈಯಲ್ಲಿ ಹಿಡಿದು ಪಾರ್ಸಲ್ಲಿಗೆ ಕಾಯುವವರಿದ್ದರೆ ಸಾಕು. ಊರಿನವರು ಒಂದೇ ಸಲ ಮೋಸ ಹೋಗುತ್ತಾರೆ.

ಈಗ ಒಲೆ. ಒಳ್ಳೆ ಇದ್ದಿಲು ಭಾರವಾಗಿರುತ್ತದೆ, ಎರಡು ತುಂಡು ತಾಗಿಸಿದರೆ ಠಣ್ ಅನ್ನುತ್ತದೆ. ಬಯಲುಸೀಮೆಯ ಈ ಭಾಗದಲ್ಲಿ ಬಳ್ಳಾರಿ ಜಾಲಿಗೆ ಬರವಿಲ್ಲ. ಅದರ ಇದ್ದಿಲು ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ತಿಪಟೂರು, ತುಮಕೂರು ಕಡೆ ತೆಂಗಿನ ಚಿಪ್ಪೂ ಒಲೆ ಸೇರುತ್ತದೆ. ಚಿಪ್ಪಿನ ಇದ್ದಿಲು ಬೇಗ ಕಾಯುತ್ತದೆ, ಬೂದಿ ಕಡಿಮೆ, ಆದರೆ ತುಂಡು ತೆಳು. ಮೇಲಿಂದ ಮೇಲೆ ಹಾಕುತ್ತಿರಬೇಕು, ಮರೆತರೆ ಮಾಂಸ ಅರೆಬೆಂದು ಕೂರುತ್ತದೆ. ಕೆಟ್ಟ ಇದ್ದಿಲು ಅಂದರೆ ಪೂರ್ತಿ ಸುಡದ ಕೊಳ್ಳಿ. ಮುರಿದರೆ ಒಳಗೆ ಕಂದು, ಉರಿಸಿದರೆ ಕಣ್ಣುರಿಯುವ ಬಿಳಿ ಹೊಗೆ. ಆ ಹೊಗೆ ಹಿಡಿದ ಕೋಳಿ ನಾಲಿಗೆಯ ಹಿಂಬದಿಯಲ್ಲಿ ಕಹಿಯಾಗುತ್ತದೆ, ಎಷ್ಟು ನಿಂಬೆ ಹಿಂಡಿದರೂ ಹೋಗುವುದಿಲ್ಲ. ಸೀಮೆಎಣ್ಣೆ ಸುರಿದು ಹೊತ್ತಿಸಿದ್ದರೆ ಮೊದಲ ಅರ್ಧ ಗಂಟೆಯ ಮಾಲಿಗೆ ಅದೇ ವಾಸನೆ. ಕಾಯಿನಾರು, ಒಣಗರಿ ಇಟ್ಟು ಹೊತ್ತಿಸುವವರ ಒಲೆಗೆ ಈ ಕಾಟವಿಲ್ಲ.

ಇದ್ದಿಲು ಕಪ್ಪಗಿದ್ದಾಗ ಮಾಂಸ ಹಾಕಬಾರದು. ಮೈತುಂಬ ಬೂದಿ ಕವಿದು, ಒಳಗೆ ಕೆಂಪು ಕಾಣಬೇಕು. ದೊಡ್ಡ ಒಲೆಗೆ ಮೂವತ್ತರಿಂದ ನಲವತ್ತು ನಿಮಿಷ ಬೇಕು. ಜಾಲರಿಯ ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ಎರಡು ಮೂರು ಸೆಕೆಂಡಿಗೆ ಕೈ ಹಿಂದೆಗೆದರೆ ಅದು ಜೋರು ಕೆಂಡ, ತೆಳ್ಳಗಿನ ಟಿಕ್ಕಾ, ಚಾಪ್ಸಿಗೆ ಸರಿ. ನಾಲ್ಕೈದು ಸೆಕೆಂಡ್ ತಡೆದರೆ ಮೂಳೆಯ ಕೋಳಿಗೆ ಸರಿ. ಬಲ್ಲವರು ಒಲೆಯ ಒಂದು ಕಡೆ ಕೆಂಡ ಒಟ್ಟಿ ಇನ್ನೊಂದು ಕಡೆ ತೆಳ್ಳಗೆ ಹರಡಿರುತ್ತಾರೆ. ಬಣ್ಣ ಬರಿಸುವುದು ಇತ್ತ, ಬೇಯಿಸುವುದು ಅತ್ತ. ಒಂದೇ ಸಮ ಹರಡಿದ ಒಲೆಯಲ್ಲಿ ಹೊರಗೆ ಸೀದು ಒಳಗೆ ಹಸಿ ಉಳಿಯುವುದು ಮಾಮೂಲು.

ಸುಡುವವನ ಎಡಗೈ ನೋಡುತ್ತಿರಿ. ಒಳ್ಳೆ ಕೈ ಆದರೆ ಅದರಲ್ಲಿ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ಹಳೆ ನೀರಿನ ಬಾಟಲಿ ಇರುತ್ತದೆ. ಕೊಬ್ಬು ತೊಟ್ಟಿಕ್ಕಿ ಭಗ್ ಅಂತ ಜ್ವಾಲೆ ಎದ್ದ ಕೂಡಲೇ ತುಂಡನ್ನು ಬಲಗೈಯ ಇಕ್ಕಳದಿಂದ ಪಕ್ಕಕ್ಕೆ ಎಳೆದು, ಕೆಂಡದ ಮೇಲೆ ಮಾತ್ರ ನಾಲ್ಕು ಹನಿ. ಜ್ವಾಲೆ ನೆಕ್ಕಿದ ಮಾಂಸಕ್ಕೆ ಮಸಿ ಹಿಡಿಯುತ್ತದೆ. ಅದು ಸುಟ್ಟ ರುಚಿಯಲ್ಲ, ಕಾಡಿಗೆಯ ರುಚಿ. ಇನ್ನು ಗಾಳಿ. ರಟ್ಟಿನಿಂದ ಬೀಸುವುದೇ ಸರಿ. ಟೇಬಲ್ ಫ್ಯಾನ್ ಹಚ್ಚಿಟ್ಟು ಮೊಬೈಲ್ ನೋಡುತ್ತ ನಿಂತ ಕಡೆ ಬೂದಿಯೆಲ್ಲ ಮಸಾಲೆಗೆ ಅಂಟುತ್ತದೆ.

ಹೊತ್ತು, ವಾರ ಎರಡೂ ಮುಖ್ಯ. ಒಲೆ ಹೊತ್ತುವುದು ಸಾಯಂಕಾಲ ಐದೂವರೆ ಆರಕ್ಕೆ. ನಂದಿ ಬೆಟ್ಟ ನೋಡಿ ಬೆಳಿಗ್ಗೆ ಇಳಿದು ಬಂದವರಿಗೆ ಕೆಂಡ ಸಿಗುವುದಿಲ್ಲ; ಆ ಹೊತ್ತಿನ ಹಸಿವಿಗೆ ಹೊಸಕೋಟೆ ಬಿರಿಯಾನಿಯೇ ಗತಿ. ಏಳರಿಂದ ಎಂಟೂವರೆ ಒಳ್ಳೆ ಹೊತ್ತು, ಕೆಂಡ ಕೂತಿರುತ್ತದೆ, ಮಾಲು ಓಡುತ್ತಿರುತ್ತದೆ. ಹತ್ತರ ಮೇಲೆ ಉಳಿದದ್ದನ್ನು ಬಿಸಿ ಮಾಡಿ ಕೊಡುವ ಸಾಧ್ಯತೆ ಹೆಚ್ಚು. ಸೋಮವಾರ, ಶನಿವಾರ ಬಾಡು ಮುಟ್ಟದ ಮನೆಗಳು ಈ ಜಿಲ್ಲೆಗಳಲ್ಲಿ ಬಹಳ. ವ್ಯಾಪಾರ ಕುಂಟುವ ಆ ದಿನಗಳಲ್ಲಿ, ಅದರಲ್ಲೂ ಭಾನುವಾರದ ಮಾಲು ಫ್ರಿಜ್ಜಿನಲ್ಲಿ ಉಳಿದಿರಬಹುದಾದ ಸೋಮವಾರ, ಆರ್ಡರ್ ಮಾಡುವ ಮುಂಚೆ ಯೋಚಿಸಿ. ಶ್ರಾವಣದಲ್ಲೂ ಅದೇ ಕಥೆ. ಯುಗಾದಿಯ ಮಾರನೇ ದಿನ ಬರುವ ಬಾಡೂಟದ ಹೊಸತೊಡಕು ಇದಕ್ಕೆ ತದ್ವಿರುದ್ಧ, ಮಾಲು ತಾಜಾ ಆದರೂ ಗಡಿಬಿಡಿಯಲ್ಲಿ ಬೇಯುವುದೇ ಇಲ್ಲ.

ಏನು ಕೇಳಬೇಕು? ಮೊದಲ ಸಲ ಹೋದಾಗ ಮೂಳೆ ಸಹಿತ ಕೋಳಿ. ಹೆಚ್ಚುಕಡಿಮೆ ಒಂದು ಕೆಜಿಯ ಕೋಳಿಯನ್ನು ಬೆನ್ನು ಸೀಳಿ ಚಪ್ಪಟೆ ಮಾಡಿ, ಎರಡು ಜಾಲರಿ ನಡುವೆ ಸಿಕ್ಕಿಸಿ ಸುಟ್ಟರೆ ಮೂವತ್ತರಿಂದ ಮೂವತ್ತೈದು ನಿಮಿಷ ಬೇಕೇ ಬೇಕು. ಎಂಟು ನಿಮಿಷಕ್ಕೆ ತಟ್ಟೆಗೆ ಬಂದರೆ ಮುಂಚೆಯೇ ಮುಕ್ಕಾಲು ಬೇಯಿಸಿಟ್ಟದ್ದು. ಅದೇ ಸಾಯಂಕಾಲದ್ದಾದರೆ ದೋಷವೇನಿಲ್ಲ, ಬಹಳ ಕಡೆ ಹಾಗೇ ಮಾಡುತ್ತಾರೆ. ತೊಡೆಯ ದಪ್ಪ ಭಾಗ ಬಿಡಿಸಿ ನೋಡಿ: ಹೊರಗೆ ಸುಡುತ್ತಿದ್ದು ಒಳಗೆ ಉಗುರುಬೆಚ್ಚಗಿದ್ದರೆ ವಾಪಸ್ ಕೆಂಡಕ್ಕೆ ಕಳಿಸಿ. ಕೋಳಿಯ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಆದರೆ ಮೂಳೆಯ ಪಕ್ಕ ಕೆಂಪು, ಕಪ್ಪು ಕಂಡ ಮಾತ್ರಕ್ಕೆ ಜಗಳ ತೆಗೆಯಬೇಡಿ. ಎಳೆ ಬ್ರಾಯ್ಲರ್‌ನ ಮಜ್ಜೆಯ ಬಣ್ಣ, ಅದರಲ್ಲೂ ಫ್ರೀಜರಿನಲ್ಲಿಟ್ಟದ್ದಾದರೆ, ಹಾಗೆ ಸೋರುತ್ತದೆ.

‘ನಾಟಿ ಕೋಳಿ ಬಾರ್ಬೆಕ್ಯೂ’ ಅಂತ ಬರೆದಿದ್ದರೆ ನನ್ನ ಮಟ್ಟಿಗೆ ಅದು ಎಚ್ಚರಿಕೆಯ ಬೋರ್ಡು. ಓಡಾಡಿ ಬೆಳೆದ ಕೋಳಿಯ ನಾರು ಮೆತ್ತಗಾಗಲು ಸಾರಿನಲ್ಲಿ ನಿಧಾನ ಕುದಿಯಬೇಕು, ಕೆಂಡದ ಒಣಬಿಸಿಗೆ ಅದು ರಬ್ಬರಾಗುತ್ತದೆ. ಎಳೆ ಹ್ಯಾಟೆ, ಅಂದರೆ ಇನ್ನೂ ಮೊಟ್ಟೆಗೆ ಬರದ ಕೋಳಿ ಆದರೆ ಸರಿ, ಆದರೆ ಹೈವೇ ಪಕ್ಕದಲ್ಲಿ ಹ್ಯಾಟೆ ಸುಡುವವರು ಅಪರೂಪ. ನಾಟಿಯನ್ನು ಮುದ್ದೆಯ ಜೊತೆಗೇ ಬಿಡಿ.

ಬಣ್ಣದ ವಿಷಯ. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿತು; ಪರೀಕ್ಷೆಯಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಸಿಕ್ಕಿದ್ದವು. ಬ್ಯಾಡಗಿ ಮೆಣಸಿನ ಕೆಂಪು ಕೆಂಡ ತಾಗಿದರೆ ಕಂದಿಗೆ ತಿರುಗುತ್ತದೆ, ಅಂಚು ಕಪ್ಪಾಗುತ್ತದೆ. ಸುಟ್ಟ ಮೇಲೂ ಕುಂಕುಮದ ಹಾಗೆ ಹೊಳೆಯುತ್ತಿದ್ದು, ನಿಂಬೆ ಹಿಂಡಿದರೆ ತಟ್ಟೆಗೆಲ್ಲ ಕೆಂಪುನೀರು ಇಳಿದರೆ ಅನುಮಾನಿಸಿ.

ಶೀಕ್ ಕಬಾಬ್ ಒಲೆಯವನ ನಿಜವಾದ ಪರೀಕ್ಷೆ. ಕಂಬಿಯಿಂದ ಕಳಚಿ ಕೆಂಡಕ್ಕೆ ಬೀಳುತ್ತಿದ್ದರೆ ಕಾರಣ ಮೂರರಲ್ಲೊಂದು: ಖೀಮಾದಲ್ಲಿ ಕೊಬ್ಬು ಕಡಿಮೆ (ಕೆಜಿಗೆ 200 ಗ್ರಾಂ ಬೇಕು), ಈರುಳ್ಳಿಯ ನೀರು ಹಿಂಡಿಲ್ಲ, ಇಲ್ಲವೇ ಉಪ್ಪು ಹಾಕಿ ಅಂಟು ಬರುವಷ್ಟು ನಾದಿಲ್ಲ. ನಾದಿದ ಖೀಮಾ ಒಂದು ಗಂಟೆ ಫ್ರಿಜ್ಜಿನಲ್ಲಿ ತಣ್ಣಗಾದ ಮೇಲೆ ಕಂಬಿ ಹಿಡಿಯುತ್ತದೆ. ಕಡ್ಲೆಹಿಟ್ಟು ಸುರಿದು ನಿಲ್ಲಿಸಿದ ಶೀಕ್ ಬಾಯಲ್ಲಿ ಬೋಂಡಾದ ಹಾಗೆ ಹಿಟ್ಟಾಗುತ್ತದೆ. ಮಟನ್ ಚಾಪ್ಸ್ ಪೇಸ್ಟಿನಂತೆ ಜಾರಿದರೆ ಹಸಿ ಪರಂಗಿಕಾಯಿ ಜಾಸ್ತಿಯಾಗಿದೆ. ಕೆಜಿಗೆ ಒಂದು ಚಮಚ, ಒಂದೂವರೆ ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಪನೀರ್ ಟಿಕ್ಕಾ ಎಲ್ಲೆಡೆ ಒಂದೇ ಥರ, ಹೇಳಲು ಏನಿಲ್ಲ.

ರುಚಿ ಹಿಡಿಸಿ ಮನೆಯಲ್ಲಿ ಮಾಡುವುದಾದರೆ ಮಸಾಲೆ ಎರಡು ಸಲ ಹಚ್ಚಬೇಕು. ಒಂದು ಕೆಜಿ ಲೆಗ್ ಪೀಸಿಗೆ ಮೂಳೆಯವರೆಗೆ ಗೀರು ಹಾಕಿ, 15 ಗ್ರಾಂ ಉಪ್ಪು, ಒಂದು ನಿಂಬೆ, 40 ಗ್ರಾಂ ಶುಂಠಿ-ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ ಬಿಡಿ. ಬಿಟ್ಟ ನೀರು ಚೆಲ್ಲಿ. ಆಮೇಲೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು 100 ಗ್ರಾಂ, ಬ್ಯಾಡಗಿ ಪುಡಿ 20 ಗ್ರಾಂ, ಗುಂಟೂರು 5 ಗ್ರಾಂ, ಕಡಲೆಕಾಯಿ ಎಣ್ಣೆ ಎರಡು ಚಮಚ ಹಾಕಿ ನಾಲ್ಕರಿಂದ ಆರು ಗಂಟೆ ಫ್ರಿಜ್ಜಿನಲ್ಲಿಡಿ. ನಿಂಬೆಯನ್ನೇ ರಾತ್ರಿಯಿಡೀ ಬಿಟ್ಟರೆ ಮೇಲ್ಮೈ ಸುಣ್ಣದ ಹಾಗೆ ಪುಡಿಪುಡಿ. ಮೊಸರಿನ ನೀರು ಇಳಿಸದಿದ್ದರೆ ಮಸಾಲೆ ಕೆಂಡಕ್ಕೆ ಸುರಿದುಹೋಗುತ್ತದೆ. ಸಕ್ಕರೆ, ಜೇನು ಹಚ್ಚುವುದಿದ್ದರೆ ಕೊನೆಯ ಮೂರು ನಿಮಿಷಕ್ಕೆ ಮಾತ್ರ. ಬಾರ್ ಪಕ್ಕದ ಒಲೆಗಳಲ್ಲಿ ಇದರ ಒಂದೂವರೆಯಷ್ಟು ಉಪ್ಪು ಖಾರ ಇರುತ್ತದೆ, ಅಲ್ಲಿ ಅದು ಊಟವಲ್ಲ, ನಂಚಿಕೊಳ್ಳುವ ಸೈಡ್ಸ್.

ಜೊತೆಗೆ ಕೊಡುವ ಬಿಳಿ ಮಯೋನೈಸ್ ಬೇಸಿಗೆಯಲ್ಲಿ ಮುಟ್ಟದಿರುವುದು ಕ್ಷೇಮ. ಹಸಿಮೊಟ್ಟೆಯ ಮಯೋನೈಸನ್ನು ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದೊಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದವು. ಪುದೀನಾ ಚಟ್ನಿ, ಹಸಿ ಈರುಳ್ಳಿ, ನಿಂಬೆ ಹೋಳು ಸಾಕು.

ಪಾರ್ಸಲ್ ಕಟ್ಟಿಸುವುದಾದರೆ ಫಾಯಿಲ್ ಬಿಗಿಯಾಗಿ ಸುತ್ತಲು ಬಿಡಬೇಡಿ. ಹಬೆ ಒಳಗೇ ನಿಂತು ಗರಿ ಅಂಚೆಲ್ಲ ಹತ್ತು ನಿಮಿಷದಲ್ಲಿ ತೊಯ್ದು ಹೋಗುತ್ತದೆ. ಕಡ್ಡಿಯಿಂದ ನಾಲ್ಕು ತೂತು ಮಾಡಿಸಿ, ಈರುಳ್ಳಿ ಬೇರೆ ಕವರಿನಲ್ಲಿ ಹಾಕಿಸಿ. ಎರಡು ಗಂಟೆಯೊಳಗೆ ತಿನ್ನಿ. ಕೋಲಾರದಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಒಳಗೆ, ಆದರೆ ಭಾನುವಾರ ರಾತ್ರಿ ಕೆ.ಆರ್. ಪುರದ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.