ಬೆನ್ನಿನ ಡಬ್ಬಿ ಬಿಚ್ಚಿದ ದಿನ

ಭಾನುವಾರ, 12 ಮೇ 2024
ನವನಗರ, ಬಾಗಲಕೋಟೆ

ಎರಡು ವರ್ಷ ಆದ ಮೇಲೆ ಇವತ್ತು ಮಹಾಕೂಟದ ಪುಷ್ಕರಣಿಗೆ ಇಳಿದೆ. ನಸುಕಿನಲ್ಲೇ ಬೈಕ್ ಹತ್ತಿ, ನಂದಿಕೇಶ್ವರದಲ್ಲಿ ಕಾಕಾನನ್ನು ಕೂರಿಸಿಕೊಂಡು ಹೋದೆ. ಹೊತ್ತೇರಿದರೆ ಜನ ಜಾಸ್ತಿ. ನಾವು ಮುಟ್ಟಿದಾಗ ನಾಲ್ಕೈದು ಹುಡುಗರಷ್ಟೇ ನೀರಿನಲ್ಲಿದ್ದರು.

ಹೋದ ಸಲ ಇಲ್ಲಿ ಇಳಿದಾಗ ನಾನು 118 ಕಿಲೋ ಇದ್ದೆ. ಈಗ 82. ಸಕ್ಕರೆ ಕಾಯಿಲೆ ಬಂದದ್ದು, ದಿನಾ ನಡೆದದ್ದು, ರೊಟ್ಟಿ ಎಣಿಸಿ ತಿಂದದ್ದು ಎಲ್ಲ ಹಿಂದೆಯೇ ಬರೆದಿದ್ದೇನೆ. ಇವತ್ತು ನೀರಿನ ಮಾತು.

ಆಗ ನನ್ನ ಮೈಗೆ ಸುಖ ಸಿಗುತ್ತಿದ್ದದ್ದು ನೀರಿನಲ್ಲಿ ಮಾತ್ರ. ನಾಲ್ಕು ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿಯುತ್ತಿತ್ತು. ನೀರಿನಲ್ಲಿ ಅಂಗಾತ ಮಲಗಿದರೆ ಕೈಕಾಲು ಆಡಿಸುವುದೂ ಬೇಕಿರಲಿಲ್ಲ. ಮರದ ಕೊಂಬೆ ನೋಡುತ್ತಾ ಅರ್ಧ ತಾಸು ಸುಮ್ನೆ ತೇಲುತ್ತಿದ್ದೆ.

ಇವತ್ತೂ ಹಾಗೇ ಮಲಗಿದೆ. ಮೊದಲು ಹಿಮ್ಮಡಿ ಇಳಿಯಿತು. ಆಮೇಲೆ ಮೊಣಕಾಲು, ತೊಡೆ, ಸೊಂಟ. ಮೂಗಿಗೆ ನೀರು ಹೊಕ್ಕಿತು. ಎದ್ದು ಕೆಮ್ಮಿ ಮತ್ತೆ ಮಲಗಿದೆ, ಮತ್ತೆ ಅದೇ. ಈಜೇ ಮರೆತು ಹೋಯಿತೇನೋ ಅಂತ ಎದೆ ಧಸಕ್ಕೆಂದಿತು.

ಮೆಟ್ಟಿಲ ಮೇಲೆ ಕೂತಿದ್ದ ಕಾಕಾ ಹೇಳಿದ: "ತಮ್ಮಾ, ನಿನ್ನ ಬೆನ್ನಿನ ಡಬ್ಬಿ ಬಿಚ್ಚೈತಿ. ಅಷ್ಟ."

ಎಂಟು ವರ್ಷದವನಿದ್ದಾಗ ಇಲ್ಲೇ ಕಾಕಾ ನನ್ನ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ ಈಸು ಕಲಿಸಿದ್ದ. ಮನೆಗೆ ಬಂದು ಲೆಕ್ಕ ಹಾಕಿದೆ. ಕಾಕಾನ ಮಾತು ಸರಿಯಾಗೇ ಇದೆ. ಒಂದು ಲೀಟರ್ ನೀರು ಒಂದು ಕಿಲೋ. ಅಷ್ಟೇ ಜಾಗದ ಕೊಬ್ಬು ಸುಮಾರು 900 ಗ್ರಾಂ, ಹಾಗಾಗಿ ತೇಲುತ್ತದೆ. ಸ್ನಾಯು, ಎಲುಬು ನೀರಿಗಿಂತ ಭಾರ. ನಾನು ಇಳಿಸಿದ್ದರಲ್ಲಿ 27 ಕಿಲೋ ಕೊಬ್ಬು ಅಂತ ಹಿಡಿದರೂ ಅದು 30 ಲೀಟರ್ ಜಾಗ ತುಂಬಿತ್ತು. ಅಂದರೆ ನನ್ನನ್ನು 3 ಕಿಲೋದಷ್ಟು ಮೇಲೆತ್ತಿ ಹಿಡಿದಿತ್ತು. ಮೂರು ಲೀಟರಿನ ಖಾಲಿ ಡಬ್ಬಿ, ಅಲ್ವಾ?

ಉಳಿದಿರುವ ಡಬ್ಬಿ ಎಂದರೆ ಪುಪ್ಪುಸ. ಅದು ಇರುವುದು ಎದೆಯಲ್ಲಿ, ಅದಕ್ಕೇ ಎದೆ ತೇಲಿ ಕಾಲು ಇಳಿಯುತ್ತದೆ. "ಎದಿ ತುಂಬ ಉಸಿರು ಹಿಡಿ. ಕೈ ತಲಿ ಹಿಂದಕ್ಕ ಚಾಚು. ಕಿವಿ ಮುಳುಗ್ಲಿ, ಹೊಟ್ಟಿ ಮ್ಯಾಲ ಬರ್ಲಿ" ಅಂದ ಕಾಕಾ. ಕೈ ಚಾಚಿದ ಕೂಡಲೇ ತಕ್ಕಡಿ ಸಮ ಆದ ಹಾಗೆ ಕಾಲು ಮೆಲ್ಲಗೆ ಮೇಲೆ ಬಂದವು. ಉಸಿರು ಬಿಟ್ಟರೆ ನೀರು ಗಲ್ಲದವರೆಗೆ ಬರುತ್ತದೆ, ಎಳೆದರೆ ಕೆಳಗೆ ಹೋಗುತ್ತದೆ. ಕಾಕಾ ಎಣಿಸಿದ. ಹದಿನೇಳು ಉಸಿರು ತೇಲಿದೆ. ಮೊದಲು ಹೀಗೆ ಉಸಿರಿನ ಕಡೆ ಲಕ್ಷ್ಯವೇ ಕೊಟ್ಟಿರಲಿಲ್ಲ.

ಹೊಟ್ಟೆಯ ಸಡಿಲ ಚರ್ಮ ನೀರಿನಲ್ಲಿ ಒದ್ದೆ ಪಂಚೆಯಂತೆ ಅತ್ತಿತ್ತ ಆಡುತ್ತದೆ. ಕೈಯಿಂದ ಮುಟ್ಟಿ ನೋಡಿದೆ. ಅದೂ ನನ್ನದೇ, ನಾಚಿಕೆ ಅನಿಸಲಿಲ್ಲ.

ಈ ಸಲ ಮುಳುಗಲೂ ಬಂತು! ಆಗ ಎಷ್ಟು ಒದ್ದರೂ ನೀರು ನನ್ನನ್ನು ಮೇಲಕ್ಕೇ ದಬ್ಬುತ್ತಿತ್ತು. ಇವತ್ತು ಅರ್ಧ ಉಸಿರು ಬಿಟ್ಟು ತಲೆ ಕೆಳಗೆ ಮಾಡಿದೆ, ತಳದ ಕಲ್ಲು ಕೈಗೆ ಸಿಕ್ಕಿತು. ನುಣ್ಣಗೆ, ಪಾಚಿಗಟ್ಟಿದ ಕಲ್ಲು. ಅದನ್ನು ಕೊನೆಯ ಸಲ ಮುಟ್ಟಿದ್ದು ಕಾಲೇಜಿನ ದಿನಗಳಲ್ಲಿ. ಮೇಲೆ ಬಂದಾಗ ಕಣ್ಣು ತುಂಬಿತ್ತು.

ಇಪ್ಪತ್ತು ನಿಮಿಷಕ್ಕೇ ಹಲ್ಲು ಕಟಕಟ ಅಂದವು, ಈ ಮೇ ತಿಂಗಳಲ್ಲಿ! ಮೈ ಬೆಚ್ಚಗಿಡುತ್ತಿದ್ದ ಕೊಬ್ಬೂ ಹೋಗಿದೆಯಲ್ಲ. ಕಾಕಾ ತನ್ನ ಟವೆಲ್ ತೆಗೆದು ನನ್ನ ಹೆಗಲಿಗೆ ಹೊದಿಸಿದ.

ಬರುವ ಭಾನುವಾರ ಮಗಳನ್ನೂ ಕರೆದುಕೊಂಡು ಹೋಗಬೇಕು. ಅಡುಗೆಮನೆಯಲ್ಲಿದ್ದ ಎಣ್ಣೆ ಕ್ಯಾನ್ ತೊಳೆದು, ಮುಚ್ಚಳ ಬಿಗಿ ಮಾಡಿ ಇಟ್ಟಿದ್ದೇನೆ.