ಒಂದೂ ಕಂತು ತಪ್ಪಿಸದವರು ಮತ್ತೆ ಯಾಕೆ ಸಾಲಕ್ಕೆ ಬರುವುದಿಲ್ಲ

ಮೈಕ್ರೋಫೈನಾನ್ಸ್ ಶಾಖೆಯಲ್ಲಿ ಬೆಳಿಗ್ಗೆ ಮೊದಲು ತೆಗೆಯುವುದು ಬಾಕಿದಾರರ ಪಟ್ಟಿ. ಮೂವತ್ತು ದಿನ ದಾಟಿದ್ದು ಎಷ್ಟು, ಯಾವ ಸೆಂಟರ್, ಅಂದರೆ ಒಟ್ಟಿಗೆ ಸೇರಿ ಕಂತು ಕಟ್ಟುವ ಸಾಲಗಾರರ ಯಾವ ಗುಂಪು, ಇವತ್ತು ಯಾರು ಹೋಗಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಸಾಲ ಪೂರ್ತಿ ತೀರಿಸಿ ಆಮೇಲೆ ಇತ್ತ ಸುಳಿಯದವರ ಪಟ್ಟಿ ಮಾತ್ರ ಬಹಳಷ್ಟು ಕಡೆ ಇರುವುದೇ ಇಲ್ಲ. ಪುಣೆಯಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ನಮ್ಮ ಜನರ ನಡುವೆ ಈ ಕೆಲಸ ಮಾಡುವವರು ಬೇಗ ಕಲಿಯಬೇಕಾದದ್ದು ಇಷ್ಟು: ಬಿಟ್ಟುಹೋಗುವವರಲ್ಲಿ ದೊಡ್ಡ ಪಾಲು, ಒಂದೂ ಕಂತು ತಪ್ಪಿಸದೆ ಕಟ್ಟಿದವರದು.

ಇದು ಕಣ್ಣಿಗೆ ಬೀಳದಿರಲು ಕಾರಣ ಶಾಖೆಯ ಲೆಕ್ಕದ ರೀತಿ. ವರ್ಷದ ಮೊದಲಿಗೆ 400 ಸಾಲಗಾರರು, ನಡುವೆ ಸೇರಿದ ಹೊಸಬರು 150, ಕೊನೆಗೆ ಇದ್ದವರು 420 ಎಂದುಕೊಳ್ಳಿ. ಇಪ್ಪತ್ತು ಜಾಸ್ತಿಯಾಯಿತೆಂದು ಎಲ್ಲರಿಗೂ ಸಮಾಧಾನ. ಆದರೆ ಒಟ್ಟು 550 ಜನರಲ್ಲಿ ಉಳಿದದ್ದು 420, ಅಂದರೆ ಶೇ 76. ಮಿಕ್ಕ 130 ಮಂದಿ ಹೋದರು. ಅವರ ಜಾಗ ತುಂಬಲು ಹೊಸಬರನ್ನು ಹುಡುಕಬೇಕು, ಕೆವೈಸಿ ಮಾಡಬೇಕು, ಮನೆ ನೋಡಿ ಬರಬೇಕು, ಎಲ್ಲರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋದಲ್ಲಿ ತಪಾಸಣೆ ಮಾಡಿಸಬೇಕು, ಗುಂಪಿಗೆ ತರಬೇತಿ ಕೊಡಬೇಕು. ಇಷ್ಟೆಲ್ಲ ಮಾಡಿ ತಂದವರು ಕಟ್ಟುತ್ತಾರೋ ಇಲ್ಲವೋ ಗೊತ್ತಿಲ್ಲ. ಹೋದವರು ಕಟ್ಟುತ್ತಾರೆಂಬುದು ಗೊತ್ತಿತ್ತು. ಫೀಲ್ಡ್ ಆಫೀಸರ್‌ಗೆ ಇನ್ಸೆಂಟಿವ್ ಹೊಸ ಸಾಲಕ್ಕೂ ವಸೂಲಿಗೂ ಸಿಗುತ್ತದೆ, ಹಳಬರನ್ನು ಉಳಿಸಿಕೊಂಡದ್ದಕ್ಕೆ ಸಿಗುವ ಕಡೆ ಕಡಿಮೆ. ಹಾಗಿರುವಾಗ ಅವರನ್ನು ಮಾತ್ರ ದೂರಿ ಫಲವಿಲ್ಲ.

ಬಿಟ್ಟವರೆಲ್ಲರನ್ನೂ ಒಂದೇ ಚೀಲಕ್ಕೆ ಹಾಕುವುದು ಮೊದಲ ತಪ್ಪು. ಮಗಳ ಮದುವೆ ಮುಗಿಯಿತು, ಆರು ತಿಂಗಳು ಸಾಲ ಬೇಡ ಎನ್ನುವವರು ವಿರಾಮದಲ್ಲಿದ್ದಾರೆ, ಬಿಟ್ಟಿಲ್ಲ. ಕೇಳಿದರೂ ಬ್ಯೂರೋದಲ್ಲಿ ತಿರಸ್ಕೃತರಾದವರನ್ನು ನಾವೇ ಹೊರಗಿಟ್ಟಿದ್ದೇವೆ. ಇವರಿಬ್ಬರನ್ನೂ ತೆಗೆದ ಮೇಲೆ ಉಳಿಯುವವರು ನಿಜವಾಗಿ ಬಿಟ್ಟವರು. ಕಾರಣ ಹುಡುಕಬೇಕಾದದ್ದು ಅಲ್ಲಿ.

ಬಡ್ಡಿ ಜಾಸ್ತಿಯಾಯಿತು, ಅದಕ್ಕೇ ಬಿಟ್ಟರು ಎಂದು ಆಫೀಸಿನಲ್ಲಿ ಕೂತವರು ಹೇಳುವುದುಂಟು. ಲೆಕ್ಕ ಹಾಕಿ ನೋಡೋಣ. ₹40,000 ಸಾಲ, 24 ತಿಂಗಳು, ಇಳಿಕೆ ಬಾಕಿಯ ಮೇಲೆ, ಅಂದರೆ ಉಳಿದ ಅಸಲಿಗೆ ಮಾತ್ರ, ವರ್ಷಕ್ಕೆ ಶೇ 24. ತಿಂಗಳ ಕಂತು ₹2,115. ಎರಡು ವರ್ಷದ ಒಟ್ಟು ಬಡ್ಡಿ ಸುಮಾರು ₹10,750, ಅದರಲ್ಲಿ ಮೊದಲ ವರ್ಷದ್ದೇ ಸುಮಾರು ₹7,740. ಈಗ ಇದರ ಪಕ್ಕದಲ್ಲಿ ಸೆಂಟರಿನವರೆಲ್ಲ ಸೇರಲೇಬೇಕಾದ ಮೀಟಿಂಗ್ ಇಡಿ. ಹದಿನೈದು ದಿನಕ್ಕೊಂದರಂತೆ ವರ್ಷಕ್ಕೆ 26 ಮೀಟಿಂಗ್. ಹತ್ತು ಗಂಟೆಗೆ ಮೀಟಿಂಗ್ ಎಂದರೆ ಕೆಲಸಕ್ಕಾಗಿ ಜನ ನಿಲ್ಲುವ ಕೂಲಿ ನಾಕಾದಲ್ಲಿ ಎಂಟಕ್ಕೇ ಆಳು ಆರಿಸಿಕೊಂಡು ಹೋಗಿಯಾಗಿರುತ್ತದೆ. ಮನೆಗೆಲಸದವರಾದರೆ ಎರಡು ಮನೆ ತಪ್ಪುತ್ತದೆ. ದಿನಗೂಲಿ ₹600 ಎಂದಿಟ್ಟುಕೊಂಡು ಮೀಟಿಂಗಿಗೆ ಅರ್ಧ ದಿನ ಹೋಯಿತೆಂದರೂ ವರ್ಷಕ್ಕೆ ₹7,800. ಮೊದಲ ವರ್ಷದ ಬಡ್ಡಿಯಷ್ಟೇ ದುಡ್ಡು ಮತ್ತೊಮ್ಮೆ! ಇಡೀ ದಿನದ ಕೂಲಿ ಹೋದರೆ ₹15,600, ಎರಡೂ ವರ್ಷದ ಬಡ್ಡಿಗಿಂತ ಜಾಸ್ತಿ. ಈ ಖರ್ಚು ಸಾಲದ ದರ, ಶುಲ್ಕ ಬರೆದುಕೊಡುವ ಯಾವ ಫ್ಯಾಕ್ಟ್‌ಶೀಟ್‌ನಲ್ಲೂ ಬರುವುದಿಲ್ಲ. ಆದರೆ ಕಟ್ಟುವವಳಿಗೆ ಇದು ಬೆರಳ ತುದಿಯಲ್ಲಿರುತ್ತದೆ. ನೂರಕ್ಕೆ ಮೂರರ ಲೇವಾದೇವಿಯವನ ಬಡ್ಡಿ ವರ್ಷಕ್ಕೆ ಶೇ 36 ಎಂದು ಗೊತ್ತಿದ್ದೂ ಅತ್ತ ಹೋಗುವವಳನ್ನು ತಿಳಿವಳಿಕೆಯಿಲ್ಲದವಳು ಎನ್ನಬೇಡಿ. ಅವಳ ಲೆಕ್ಕದಲ್ಲಿ ಕೂಲಿಯೂ ಸೇರಿದೆ, ನಮ್ಮದರಲ್ಲಿ ಸೇರಿಲ್ಲ.

ಮೀಟಿಂಗ್ ಅರ್ಧ ಗಂಟೆಯದ್ದೆಂದು ಕಾಗದದಲ್ಲಿರುತ್ತದೆ. ಅದು ಒಂದೂಕಾಲು ಗಂಟೆಗೆ ಎಳೆಯುವುದು ಯಾವಾಗಲೂ ಒಂದೇ ಕಾರಣಕ್ಕೆ: ಒಬ್ಬಳು ಬಂದಿಲ್ಲ. ಹದಿನೈದು ಜನರ ಸೆಂಟರ್. ಹದಿನಾಲ್ಕು ಜನ ಚಾಪೆಯ ಮೇಲೆ ಕೂತಿದ್ದಾರೆ, ಸಾಲದ ಕಾರ್ಡುಗಳು ಆಫೀಸರ್ ಮುಂದೆ ಒಂದರ ಮೇಲೊಂದು, ರಬ್ಬರ್ ಬ್ಯಾಂಡ್ ಸುತ್ತಿದ ನೋಟು. ಬಾರದವಳ ಮನೆಗೆ ಒಬ್ಬಳನ್ನು ಕಳಿಸುತ್ತಾರೆ, ಬಾಗಿಲಿಗೆ ಬೀಗ. ಫೋನ್ ಸ್ವಿಚ್ ಆಫ್. ಕೊನೆಗೆ, ಗುಂಪಿನ ಹೊಣೆಯೆಂದು, ಅವಳ ಕಂತಿನ ₹2,115 ಅನ್ನು ಹದಿನಾಲ್ಕು ಜನ ಹಂಚಿಕೊಳ್ಳುತ್ತಾರೆ, ತಲಾ ₹151. ಎಲ್ಲ ಕಾರ್ಡಿಗೂ ಸಹಿ ಬೀಳುತ್ತದೆ, ಆಫೀಸರ್ ಎದ್ದು ಹೋಗುತ್ತಾರೆ.

ಕಂಪ್ಯೂಟರ್‌ನಲ್ಲಿ ಅವತ್ತು ಏನು ದಾಖಲಾಯಿತು ನೋಡಿ: ಹದಿನೈದಕ್ಕೆ ಹದಿನೈದೂ ಕಂತು ಜಮಾ, ಬಾಕಿ ಸೊನ್ನೆ. ಹದಿನಾಲ್ಕು ಜನರ ₹151 ಎಲ್ಲಿಯೂ ಇಲ್ಲ. ಬಾರದವಳು ಅದನ್ನು ವಾಪಸ್ ಕೊಟ್ಟಳೋ ಇಲ್ಲವೋ ಕೇಳುವವರಿಲ್ಲ. ಇದು ನಾಲ್ಕು ಸಲ ಆಯಿತೆಂದರೆ ಒಬ್ಬೊಬ್ಬಳ ಕೈಯಿಂದ ₹600, ಒಂದು ದಿನದ ಕೂಲಿ, ಹೋಯಿತು. ಹಾಗೆ ಕಟ್ಟಿಕೊಟ್ಟವರು ತಮ್ಮ ಸಾಲ ತೀರಿದ ದಿನ ಕಾರ್ಡ್ ಎತ್ತಿಟ್ಟು ಹೋಗಿಬಿಡುತ್ತಾರೆ. ಶೇ 100 ವಸೂಲಿಯ ಸೆಂಟರ್ ಒಂದೇ ವರ್ಷದಲ್ಲಿ ಹದಿನೈದರಿಂದ ಆರಕ್ಕೆ ಇಳಿದಾಗ ಮ್ಯಾನೇಜರ್‌ಗೆ ಕಾರಣ ಹೊಳೆಯದಿರುವುದು ಅದಕ್ಕೇ. ಮದ್ದು ದೊಡ್ಡದೇನಲ್ಲ: ಬೇರೆಯವರು ಕಟ್ಟಿದ ಕಂತಿಗೆ ಕಲೆಕ್ಷನ್ ಶೀಟಿನಲ್ಲಿ ಒಂದು ಗುರುತು. ಒಂದೇ ಸೆಂಟರಿಗೆ ತಿಂಗಳಲ್ಲಿ ಎರಡು ಗುರುತು ಬಿದ್ದರೆ ಮ್ಯಾನೇಜರ್ ಅಲ್ಲಿಗೆ ತಾವೇ ಹೋಗಬೇಕು. ಬಾಕಿ ಬಾಕಿಯಾಗಿಯೇ ಕಾಣಲಿ, ಮುಚ್ಚಿದ ಬಾಕಿ ಒಳ್ಳೆಯ ಸಾಲಗಾರರನ್ನು ತಿನ್ನುತ್ತದೆ.

ರಿಸರ್ವ್ ಬ್ಯಾಂಕ್ ಮಾರ್ಚ್ 2022ರಲ್ಲಿ ತಂದ ನಿಯಮ ವಸೂಲಿಯ ಬಗ್ಗೆ ಸ್ಪಷ್ಟವಾಗಿದೆ. ಕಂತು ಕಟ್ಟುವ ಜಾಗವನ್ನು ಸಾಲಗಾರರೂ ಸಂಸ್ಥೆಯೂ ಸೇರಿ ಗೊತ್ತುಮಾಡಬೇಕು. ಆ ಜಾಗಕ್ಕೆ ಸತತ ಎರಡು ಸಲವಾದರೂ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಜೊತೆ ಕೆಲಸದವರಿಗೆ ಕಾಟ ಕೊಡುವಂತಿಲ್ಲ. ಹದಿನಾಲ್ಕು ಜನರನ್ನು ಕೂರಿಸಿಕೊಂಡು ಹದಿನೈದನೆಯವಳಿಗೆ ಕಾಯುವುದು ಬೈಗುಳವಿಲ್ಲದಿದ್ದರೂ ಕಾಟವೇ. ಕೂರಿಸಿಕೊಂಡದ್ದು ಕಟ್ಟಿದವರನ್ನು ಎಂಬುದು ಅದರ ಕೆಟ್ಟ ಭಾಗ.

ಇನ್ನು ಊರಿನ ಕ್ಯಾಲೆಂಡರ್. ಕಟ್ಟಡ ಕೆಲಸದವರಿಗೆ ವಾರಕ್ಕೊಮ್ಮೆ ಸಿಗುವುದು ಖರ್ಚಿ, ಅಂದರೆ ಕೈಖರ್ಚಿನ ದುಡ್ಡು, ಪೂರ್ತಿ ಹಿಸಾಬ್ ಆಗುವುದು ಊರಿಗೆ ಹೊರಡುವಾಗ. ಜೂನ್ ಬಂತೆಂದರೆ ಮಳೆಗೆ ಕೆಲಸ ಇಳಿಯುತ್ತದೆ, ಅದೇ ತಿಂಗಳು ಶಾಲೆಯ ಖರ್ಚು, ಊರಲ್ಲಿ ಬಿತ್ತನೆ. ಶ್ರಾವಣದಲ್ಲಿ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದೆ ಇರುವುದಿಲ್ಲ, ಹೋದವರು ಎಂಟು ದಿನಕ್ಕೆ ಬರುವುದೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಹತ್ತಿ ಬಿಡಿಸುವುದು. ಅದರ ಜೊತೆಗೇ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ. ನಮ್ಮ ಕಂತಿಗೆ ಇದೊಂದೂ ಗೊತ್ತಿಲ್ಲ, ತಿಂಗಳು ತಿಂಗಳೂ ಒಂದೇ ಮೊತ್ತ. ಆಗಸ್ಟಿನ ಕಂತಿಗೆ ಭಿಶಿಯಿಂದ, ಅಂದರೆ ನಮ್ಮ ಚೀಟಿಯಿಂದ, ಕೈಸಾಲ ತೆಗೆಯುತ್ತಾರೆ. ಕಂತು ತಪ್ಪಲಿಲ್ಲ ಎಂದು ನಾವು ಖುಷಿಪಡುತ್ತೇವೆ.

ಇದಕ್ಕೆ ಉಪಾಯವಿದೆ, ಆದರೆ ಸಾಲ ಕೊಡುವ ದಿನವೇ ಮಾಡಬೇಕು. ಮೇ ತಿಂಗಳಲ್ಲಿ ಕೊಟ್ಟ ಅದೇ ₹40,000ಕ್ಕೆ ಮೂರನೆಯ ಮತ್ತು ಹದಿನೈದನೆಯ ತಿಂಗಳು, ಅಂದರೆ ಎರಡೂ ಆಗಸ್ಟ್, ಖಾಲಿ ಬಿಟ್ಟು 22 ಕಂತು ಮಾಡಿ. ಕಂತು ₹2,115 ಇದ್ದದ್ದು ₹2,322 ಆಗುತ್ತದೆ. ಎರಡು ವರ್ಷಕ್ಕೆ ಹೆಚ್ಚುವರಿ ಬಡ್ಡಿ ಸುಮಾರು ₹320 ಮಾತ್ರ. ಖಾಲಿ ತಿಂಗಳು ಯಾವುದೆಂದು ಅವಳೇ ಹೇಳಲಿ. ನಡುವೆ ಕಷ್ಟ ಬಂದಾಗ ಕಂತು ಮುಂದೂಡಲು ಹೊರಟರೆ ಅದು ರೀಸ್ಟ್ರಕ್ಚರಿಂಗ್ ಆಗಿ ಸಾಲದ ದರ್ಜೆಯೇ ಕೆಡುತ್ತದೆ, ಬ್ಯೂರೋದಲ್ಲೂ ಕಲೆ ಉಳಿಯುತ್ತದೆ. ಮೊದಲೇ ಷೆಡ್ಯೂಲ್‌ನಲ್ಲಿ ಬರೆದ ಖಾಲಿ ತಿಂಗಳಿಗೆ ಆ ತೊಂದರೆಯಿಲ್ಲ. ಕಂತು ಏರುವುದರಿಂದ ಒಂದು ತಪಾಸಣೆ ಮರೆಯಬಾರದು: ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂಬ ಮಿತಿ.

ಸಾಲದ ಅಳತೆಯದೂ ಇದೇ ಕಥೆ. ಶಾಲೆಗೆಂದು ನಾಲ್ಕು ತಿಂಗಳ ಮಟ್ಟಿಗೆ ₹15,000 ಬೇಕಾದವಳಿಗೆ ನಮ್ಮಲ್ಲಿರುವುದು ₹40,000, ಎರಡು ವರ್ಷ. ಹೊಲಿಗೆ ಅಂಗಡಿ ಹಾಕಲು ಒಂದೂವರೆ ಲಕ್ಷ ಬೇಕಾದವಳಿಗೂ ಅಷ್ಟೇ. ಮೊದಲನೆಯವಳು ಬಂಗಾರ ಅಡವಿಡುತ್ತಾಳೆ, ಯಾಕೆಂದರೆ ಅಲ್ಲಿ ದುಡ್ಡು ಬಂದಾಗ ಬಿಡಿಸಿಕೊಳ್ಳಬಹುದು, ಯಾರೂ ಚಾಪೆ ಹಾಸಿ ಕಾಯುವುದಿಲ್ಲ. ಎರಡನೆಯವಳು ದಿನಾ ಪಿಗ್ಮಿ ಕಟ್ಟುವ ಪತಸಂಸ್ಥೆಯನ್ನೇ, ಅಂದರೆ ಸಹಕಾರಿ ಪತ್ತಿನ ಸಂಘವನ್ನೇ, ಸಾಲಕ್ಕೂ ಹಿಡಿಯುತ್ತಾಳೆ. ಪಿಗ್ಮಿಯೇನೂ ನಮ್ಮವರಿಗೆ ಹೊಸದಲ್ಲ, 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ್ದು ಅದನ್ನು: ಬಾಗಿಲಿಗೆ ಬಂದು ಚಿಲ್ಲರೆ ಎತ್ತುವ ಪದ್ಧತಿ. ತರಕಾರಿ ಗಾಡಿಯವರು ಬೀದಿ ವ್ಯಾಪಾರಿಗಳ ಸರ್ಕಾರಿ ಸಾಲ ಯೋಜನೆಯಾದ ಪಿಎಂ ಸ್ವನಿಧಿಯ ಕಡೆ ಹೋದರೆ ಸಂತೋಷಪಡಬೇಕಾದ್ದೇ.

ಮಧ್ಯದಲ್ಲಿ ಸಾಲ ಮುಗಿಸಲು ಬಂದವರು ಮುನಿಸಿಕೊಂಡು ಹೋಗುವುದನ್ನು ಮಾತ್ರ ನಾವು ತಪ್ಪಿಸಬಹುದು. ಹನ್ನೆರಡು ಕಂತು ಕಟ್ಟಿದ್ದಾಳೆ, ₹25,000ಕ್ಕಿಂತ ಜಾಸ್ತಿ ಕೊಟ್ಟಾಗಿದೆ. ಇನ್ನು ₹15,000 ಇರಬೇಕೆಂದು ಅವಳ ಅಂದಾಜು. ಕೌಂಟರ್‌ನಲ್ಲಿ ₹22,365 ಎನ್ನುತ್ತಾರೆ. ಇಳಿಕೆ ಬಾಕಿಯಲ್ಲಿ ಮೊದಮೊದಲ ಕಂತಿನಲ್ಲಿ ಬಡ್ಡಿಯ ಪಾಲು ದೊಡ್ಡದು, ಹಾಗಾಗಿ ಮೊತ್ತ ಸರಿಯೇ. ಆದರೆ ಮೋಸವಾಯಿತೆಂದು ಅವಳು ಗಲ್ಲಿಯಲ್ಲಿ ಹೇಳಿದರೆ ಅವಳದ್ದೂ ತಪ್ಪಲ್ಲ. ಕಾರ್ಡ್ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ನಿಯಮ. ಪುಣೆಯಲ್ಲಿ ಕೈಗೆ ಬರುವುದು ಮರಾಠಿ ಕಾರ್ಡ್, ಇಂಗ್ಲಿಷ್ ಎಸ್‌ಎಂಎಸ್. ನಮ್ಮ ಹೆಣ್ಣುಮಕ್ಕಳು ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಓದುವುದಿಲ್ಲ. ಹಾಗಾಗಿ ಸಾಲ ಕೊಡುವ ದಿನವೇ ಆರು, ಹನ್ನೆರಡು, ಹದಿನೆಂಟನೆಯ ಕಂತಿನ ನಂತರ ಎಷ್ಟು ಅಸಲು ಉಳಿಯುತ್ತದೆಂದು ಕಾರ್ಡಿನ ಹಿಂದೆ ಕನ್ನಡ ಅಂಕಿಯಲ್ಲೋ ಮಾಮೂಲಿ ಅಂಕಿಯಲ್ಲೋ ಬರೆದು, ಓದಿ ಹೇಳಿ. ಮೊದಲೇ ತೀರಿಸಿದರೆ ದಂಡವಿಲ್ಲ, ತಡವಾದರೆ ದಂಡ ತಡವಾದ ಮೊತ್ತಕ್ಕೆ ಮಾತ್ರ ಎಂಬುದನ್ನೂ ಹೇಳಿ. ಮೈಕ್ರೋಫೈನಾನ್ಸ್ ಸಾಲಕ್ಕೆ ಇವೆರಡೂ ರಿಸರ್ವ್ ಬ್ಯಾಂಕಿನ ನಿಯಮಗಳೇ.

ಒಂದು ಸೆಂಟರ್ ಪೂರ್ತಿ ಖಾಲಿಯಾಗುವುದು ಬಹುಮಟ್ಟಿಗೆ ಸಾವಿನ ಮನೆಯಿಂದ. ಸಾಲದ ಜೊತೆ ಗಂಡ ಹೆಂಡತಿ ಇಬ್ಬರ ವಿಮೆ ಇರುತ್ತದೆ, ಪ್ರೀಮಿಯಂ ಕತ್ತರಿಸಿಯೇ ಸಾಲ ಕೈಗೆ ಬಂದಿರುತ್ತದೆ. ಗಂಡ ತೀರಿಕೊಂಡಾಗ ಆಧಾರ್‌ನಲ್ಲೊಂದು ಹೆಸರು, ಮರಣಪತ್ರದಲ್ಲೊಂದು ಹೆಸರು. ಸಾವು ಊರಲ್ಲಿ ಆಗಿದ್ದರೆ ಪತ್ರ ಅಲ್ಲಿಂದ ಬರಬೇಕು. ಕ್ಲೇಮ್ ಅಲ್ಲಿ ಸಿಕ್ಕಿಕೊಂಡಿದೆ, ಕಂತು ಇಲ್ಲಿ ಕೇಳುತ್ತಲೇ ಇದ್ದಾರೆ. ಉಳಿದ ಹದಿನಾಲ್ಕು ಜನ ಇದನ್ನು ನೋಡುತ್ತಿರುತ್ತಾರೆ. ಕಾಗದ ಸಲ್ಲಿಕೆಯಾದ ದಿನದಿಂದ ಕಂತು ಕೇಳುವುದನ್ನು ನಿಲ್ಲಿಸುವ ಅಧಿಕಾರ ಮ್ಯಾನೇಜರ್ ಕೈಯಲ್ಲಿರಬೇಕು. ಹೆಸರಿನ ವ್ಯತ್ಯಾಸ ಸಾಲ ಕೊಡುವ ಮೊದಲೇ ಹಿಡಿಯಬೇಕು, ಅದಕ್ಕೆ ಬೇಕಾದದ್ದು ಹತ್ತು ನಿಮಿಷ.

ತಿರಸ್ಕೃತರಾದವರ ಬಗ್ಗೆ ಒಂದೆರಡು ಮಾತು. ಏಪ್ರಿಲ್ 2025ರಿಂದ ಮೈಕ್ರೋಫೈನಾನ್ಸ್ ಸಂಸ್ಥೆಗಳ ಒಕ್ಕೂಟವಾದ ಎಂಫಿನ್‌ನ ಕಟ್ಟುಪಾಡಿನಂತೆ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡುವಂತಿಲ್ಲ, ಒಟ್ಟು ₹2 ಲಕ್ಷ ಮೀರುವಂತಿಲ್ಲ. ಇದು ಬೇಕಾಗಿದ್ದ ಕಡಿವಾಣ. ಆದರೆ ಊರಲ್ಲಿ ತೀರಿಸಿದ ಸಾಲ ಬ್ಯೂರೋದಲ್ಲಿ ಇನ್ನೂ ಚಾಲ್ತಿಯಲ್ಲಿದೆಯೆಂದು ತೋರಿಸಿದರೆ ಪುಣೆಯಲ್ಲಿ ಅರ್ಜಿ ಬಿದ್ದುಹೋಗುತ್ತದೆ. ‘ಸಿಸ್ಟಮ್‌ನಲ್ಲಿ ಬರ್ತಿಲ್ಲ’ ಎಂದಷ್ಟೇ ಹೇಳಿ ಕಳಿಸಿದರೆ ಅವಳು ಇನ್ನೆಂದೂ ಬರುವುದಿಲ್ಲ. ಯಾವ ಬ್ಯೂರೋ, ಯಾವ ಸಂಸ್ಥೆಯ ಸಾಲ, ಎಷ್ಟು ಬಾಕಿ ಎಂದು ಚೀಟಿಯಲ್ಲಿ ಬರೆದುಕೊಡಿ. ವರ್ಷಕ್ಕೊಮ್ಮೆ ಪ್ರತಿ ಬ್ಯೂರೋದಿಂದ ವರದಿ ಉಚಿತ, ತಪ್ಪಿದ್ದರೆ ತಕರಾರು ಹಾಕಬಹುದು.

ಬಿಟ್ಟವರನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ಸಾಲ ಮುಗಿದು ಮೂವತ್ತರಿಂದ ನಲವತ್ತೈದು ದಿನದೊಳಗೆ, ಸಂಜೆ ಅಡುಗೆಗೆ ಮೊದಲು, ಅವರ ಮನೆಯ ಕಟ್ಟೆಯ ಮೇಲೆ. ಹಳೆಯ ಆಫೀಸರ್ ಹೋಗಬಾರದು, ದೂರು ಅವರ ಮೇಲೆಯೇ ಇರಬಹುದು. ಕಲಬುರಗಿಯ ಮಾತು ಬರುವವರು ಹೋದರೆ ಚೆನ್ನ. ಯಾಕೆ ಬಿಟ್ಟಿರಿ ಎಂದರೆ ‘ಸದ್ಯಾ ಬ್ಯಾಡ್ರಿ, ಮುಂದ ನೋಡಾಣ’ ಎಂಬ ಮರ್ಯಾದೆಯ ಉತ್ತರ ಸಿಗುತ್ತದೆ, ಅದು ಉತ್ತರವಲ್ಲ. ‘ಕಡೀ ಆರು ಕಂತಿಗಿ ರೊಕ್ಕ ಎಲ್ಲಿಂದ ಹೊಂದಿಸಿದ್ರಿ?’ ಎಂದು ಕೇಳಿ. ಆಗ ಚೀಟಿ, ಅಡವಿಟ್ಟ ಓಲೆ, ಕೂಲಿ ಗುತ್ತಿಗೆಯ ಮುಕಾದಮನ ಮುಂಗಡ, ಮಂದಿಗೆ ಕಟ್ಟಿದ ₹151 ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಎರಡನೆಯ ಪ್ರಶ್ನೆ, ಈಗ ದುಡ್ಡು ಬೇಕಾದರೆ ಯಾರ ಹತ್ತಿರ ಹೋಗುತ್ತೀರಿ. ಹೊಸ ಸಾಲದ ಮಾತು ಅವತ್ತು ಎತ್ತಲೇಬಾರದು. ತಿಂಗಳಿಗೆ ಹತ್ತು ಮನೆ ಸಾಕು, ಒಂದೇ ಸೆಂಟರಿನ ಮೂರು ಮನೆಯಲ್ಲಿ ಒಂದೇ ಮಾತು ಬಂದರೆ ಕಾರಣ ಸಿಕ್ಕಿತೆಂದೇ ಲೆಕ್ಕ. ಹೋಗುವಾಗ ಕೈಯಲ್ಲಿ ಬಾಕಿ ಇಲ್ಲವೆಂಬ ಪತ್ರ ಇರಲಿ. ಕೊನೆಯ ಕಂತಿನ ದಿನವೇ ಕೊಡಬೇಕಾಗಿದ್ದ ಆ ಪತ್ರ ಎಷ್ಟೋ ಮನೆಗೆ ತಲುಪಿಯೇ ಇರುವುದಿಲ್ಲ.