ದೋಣಿಯಲ್ಲಿ ಕರೆಂಟ್ ತಿಂದಿದ್ದು ಮಿಕ್ಸಿಯಲ್ಲ: ಗ್ರೀಸ್ ದ್ವೀಪಗಳಲ್ಲಿ ಒಂದು ವಾರ

ಮಂಗಳವಾರ ಬೆಳಿಗ್ಗೆ ಆರೂವರೆಗೆ ಎಚ್ಚರವಾಗಿದ್ದು ಫ್ರಿಜ್‌ನ ಸದ್ದಿಗೆ. ಟಕ್ ಅನ್ನುತ್ತದೆ, ಒಂದು ಕ್ಷಣ ಗುರ್ ಅನ್ನುತ್ತದೆ, ನಿಂತುಹೋಗುತ್ತದೆ. ಮತ್ತೆ ಟಕ್. ಎದ್ದು ಬ್ಯಾಟರಿಯ ಮೀಟರ್ ನೋಡಿದರೆ 11.4 ವೋಲ್ಟ್, ಅಂದರೆ ಹೆಚ್ಚುಕಮ್ಮಿ ಖಾಲಿ. ಐದು ಜನರೂ ಒಟ್ಟಿಗೆ ತಿರುಗಿ ನೋಡಿದ್ದು ನಾನು ಊರಿಂದ ತಂದಿದ್ದ ಮಿಕ್ಸಿಯ ಕಡೆ.

ನಾವು ಜರ್ಮನಿಯಲ್ಲಿರುವ ಕನ್ನಡಿಗರು. ಸೆಪ್ಟೆಂಬರ್‌ನಲ್ಲಿ ಗ್ರೀಸ್‌ನ ಲೆಫ್ಕಾಡಾದಿಂದ ಶನಿವಾರದಿಂದ ಶನಿವಾರಕ್ಕೆ ಒಂದು ಹಾಯಿದೋಣಿ ಬಾಡಿಗೆಗೆ ತೆಗೆದುಕೊಂಡಿದ್ದೆವು. ಮೊದಲ ರಾತ್ರಿ ಮರೀನಾದಲ್ಲಿ, ಅಂದರೆ ದೋಣಿ ನಿಲ್ಲಿಸುವ ಬಂದರಿನಲ್ಲಿ. ಅಲ್ಲಿ ದಡದಿಂದ ಕೇಬಲ್ ಹಾಕಿಕೊಂಡರೆ 230 ವೋಲ್ಟ್ ಬರುತ್ತದೆ, ಮನೆಯಲ್ಲಿದ್ದ ಹಾಗೆಯೇ. ಭಾನುವಾರ ಮಧ್ಯಾಹ್ನ ಮೆಗನಿಸಿ ದ್ವೀಪದ ಅಬೆಲಿಕಿ ಕೊಲ್ಲಿಗೆ ಹೋಗಿ ಲಂಗರು ಹಾಕಿ, ದಡದ ಮರಕ್ಕೆ ಹಗ್ಗ ಕಟ್ಟಿದೆವು. ನೀರು ಎಷ್ಟು ತಿಳಿಯಾಗಿತ್ತೆಂದರೆ ಎರಡು ರಾತ್ರಿ ಅಲ್ಲೇ ಉಳಿದೆವು. ಬ್ಯಾಟರಿ ಚಾರ್ಜ್ ಮಾಡುವ ಇಂಜಿನ್ ಮುಟ್ಟಲೇ ಇಲ್ಲ. ತಪ್ಪಾಗಿದ್ದು ಅಲ್ಲೇ.

ದೋಣಿಯಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿ, ಒಟ್ಟು 200 ಆಂಪಿಯರ್-ಅವರ್ (ಒಂದು ಆಂಪಿಯರ್‌ನಂತೆ ಒಂದು ಗಂಟೆ ಎಳೆದರೆ ಒಂದು ಆಂಪಿಯರ್-ಅವರ್). ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಕೈಯಲ್ಲಿರುವುದು 100. ಬೆಂಗಳೂರಿನ ನಮ್ಮ ಮನೆಯ ಯುಪಿಎಸ್‌ಗೇ 150ರ ಬ್ಯಾಟರಿ ಇದೆ, ಅದಕ್ಕೆ ಫ್ರಿಜ್ ಕೊಟ್ಟಿಲ್ಲ.

ಇಲ್ಲಿ ಫ್ರಿಜ್ಜೇ ದೊಡ್ಡ ಹೊಟ್ಟೆಬಾಕ. ಓಡುವಾಗ ನಾಲ್ಕೈದು ಆಂಪಿಯರ್ ಎಳೆಯುತ್ತದೆ, ಬಿಸಿಲಿನಲ್ಲಿ ದಿನದ ಅರ್ಧ ಹೊತ್ತು ಓಡುತ್ತಲೇ ಇರುತ್ತದೆ. ದಿನಕ್ಕೆ 50 ಅಂದುಕೊಳ್ಳಿ. ಮಿಕ್ಸಿ? 500 ವ್ಯಾಟ್ ಅಂದರೆ 12 ವೋಲ್ಟನ್ನು 230 ಮಾಡುವ ಇನ್ವರ್ಟರ್ ಮೂಲಕ 45 ಆಂಪಿಯರ್, ನಿಜ. ಆದರೆ ಚಟ್ನಿಗೆ ಬೇಕಾದ್ದು ಎರಡೇ ನಿಮಿಷ. ಲೆಕ್ಕ ಹಾಕಿದರೆ ಒಂದೂವರೆ ಆಂಪಿಯರ್-ಅವರ್ ಅಷ್ಟೆ. ನನ್ನ ಮರ್ಯಾದೆ ಉಳಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ವರ್ಟರ್‌ನ ಹಸಿರು ದೀಪ ಕಂಡಿತು. ಭಾನುವಾರ ಸಂಜೆ ಚಟ್ನಿಗೆಂದು ಹಾಕಿದ್ದನ್ನು ನಾನು ಆರಿಸಿರಲೇ ಇಲ್ಲ. ಏನೂ ಕೆಲಸ ಮಾಡದೆ ಸುಮ್ನೆ ಕೂತಿದ್ದರೂ ಅದು ಗಂಟೆಗೆ ಸುಮಾರು ಒಂದು ಆಂಪಿಯರ್-ಅವರ್ ತಿನ್ನುತ್ತದೆ. ಮೂವತ್ತಾರು ಗಂಟೆ!

ಪುಣ್ಯಕ್ಕೆ ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆಯೇ ಇತ್ತು. ದೋಣಿ ಒಪ್ಪಿಸಿಕೊಳ್ಳುವಾಗ ಇದನ್ನು ಮರೆಯದೆ ಕೇಳಿ: ಎರಡೂ ಬೇರೆ ಇವೆಯಾ, ಸ್ವಿಚ್ ಎಲ್ಲಿದೆ, ಬ್ಯಾಟರಿಗೆ ಎಷ್ಟು ವರ್ಷವಾಯಿತು. ನಾವು ಹಾಸಿಗೆ, ಪಾತ್ರೆ ಎಣಿಸುತ್ತಾ ಕೂತಿದ್ದೆವು.

ಇಥಾಕಾ ದ್ವೀಪದ ಕಿಯೋನಿ ಎಂಬ ಊರಿಗೆ ಎರಡೂವರೆ ಗಂಟೆ ಇಂಜಿನ್‌ನಲ್ಲೇ ಹೋದೆವು. ಈ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಗಾಳಿಯೇ ಇರುವುದಿಲ್ಲ, ವಾಯವ್ಯದ ಗಾಳಿ ಏಳುವುದು ಮಧ್ಯಾಹ್ನ. ಆದ್ದರಿಂದ ಬೆಳಿಗ್ಗೆ ಹೊರಟರೆ ಚಾರ್ಜೂ ಆಗುತ್ತದೆ, ಇಂಜಿನ್ ಬಿಸಿಗೆ ಸ್ನಾನದ ನೀರೂ ಕಾಯುತ್ತದೆ. ಆದರೆ ಇಷ್ಟರಲ್ಲಿ ಬ್ಯಾಟರಿ ಫುಲ್ ಆಗುವುದಿಲ್ಲ. ಮೊದಲು ಗಟಗಟ ಕುಡಿಯುತ್ತದೆ, ಮುಕ್ಕಾಲು ದಾಟಿದ ಮೇಲೆ ಗುಟುಕು ಗುಟುಕಾಗಿ. ಕೊನೆಯ ಸ್ವಲ್ಪ ತುಂಬಲು ಹಲವು ಗಂಟೆ ಬೇಕು, ಅದನ್ನು ಮರೀನಾದ ಕೇಬಲ್‌ಗೇ ಬಿಡಿ. ವಾರದ ಮಧ್ಯೆ ಒಂದು ರಾತ್ರಿ ಕರೆಂಟ್ ಇರುವ ಕಡೆ ನಿಲ್ಲುವ ಹಾಗೆ ಪ್ಲಾನ್ ಮಾಡಿ.

ಮೀಟರ್ ಕೂಡ ಸುಳ್ಳು ಹೇಳುತ್ತದೆ. ಇಂಜಿನ್ ಓಡುವಾಗ 14ರ ಮೇಲಿರುತ್ತದೆ, ನಿಲ್ಲಿಸಿದ ತಕ್ಷಣ ನೋಡಿದರೂ ಖುಷಿಯ ಅಂಕಿಯೇ. ನಿಜ ಗೊತ್ತಾಗುವುದು ಬೆಳಿಗ್ಗೆ ಎದ್ದಾಗ, ಫ್ರಿಜ್ ಓಡದಿರುವಾಗ. 12.7 ಅಂದರೆ ಭರ್ತಿ, 12.2 ಅಂದರೆ ಅರ್ಧ. 12.2 ಕಂಡರೆ ಇಂಜಿನ್ ಹಾಕಿ.

ಬುಧವಾರದಿಂದ ರಾತ್ರಿ ಹನ್ನೊಂದಕ್ಕೆ ಫ್ರಿಜ್ ಆರಿಸಿ ಬೆಳಿಗ್ಗೆ ಹಾಕತೊಡಗಿದೆವು. ಅಂಗಡಿಯಲ್ಲಿ ಐಸ್ ಚೀಲ ಕೊಂಡು ಮೊಸರಿನ ಡಬ್ಬಿಗಳ ಸುತ್ತ ಜೋಡಿಸಿದೆವು. (ಗ್ರೀಕ್ ಮೊಸರು ಗಟ್ಟಿ, ಮೊಸರನ್ನಕ್ಕೆ ಹಾಲು ಬೆರೆಸಲೇಬೇಕು.) ಬಾಗಿಲು ಮೇಲ್ಗಡೆ ಇರುವುದರಿಂದ ತಂಪು ಅಷ್ಟು ಬೇಗ ಹೋಗುವುದಿಲ್ಲ. ಫೋನ್‌ಗಳಿಗೆ ಕಾರಿನ 12 ವೋಲ್ಟ್ ಚಾರ್ಜರ್ ಸಾಕು, ಇನ್ವರ್ಟರ್ ಬೇಡ. ಎಲೆಕ್ಟ್ರಿಕ್ ಕೆಟಲ್, ಹೇರ್ ಡ್ರೈಯರ್ ಮನೆಯಲ್ಲೇ ಬಿಡಿ. ಕಾಫಿಗೆ ಗ್ಯಾಸ್ ಒಲೆ ಇದೆ. ಉಳಿತಾಯ ಅಂತ ಲಂಗರಿನ ದೀಪ ಮಾತ್ರ ಆರಿಸಬೇಡಿ. ಎಲ್‌ಇಡಿಯಾದರೆ ಅದು ತಿನ್ನುವುದು ಲೆಕ್ಕಕ್ಕೇ ಇಲ್ಲ, ಕತ್ತಲಲ್ಲಿ ಬರುವ ದೋಣಿಗೆ ನೀವು ಕಾಣುವುದು ಅದರಿಂದಲೇ.

ಗುರುವಾರ ಬೆಳಿಗ್ಗೆ 12.4 ಇತ್ತು. ಇಂಜಿನ್ ಓಡುತ್ತಿರುವಾಗಲೇ ಚಟ್ನಿ ರುಬ್ಬಿದೆ. ಹಸಿರು ದೀಪ ಆರಿತಾ ಅಂತ ನಾಲ್ಕು ಜನ ಬಂದು ನೋಡಿಕೊಂಡು ಹೋದರು.